ಮಿಲ್ಲಿನಲ್ಲಿ ಏನು ಬೀಸುತ್ತಾರೆ?

ಮಿತ್ರರೇ, ಇಂಗ್ಲಿಷಿನ ಒಂದು ಚಿಕ್ಕ ಪದವನ್ನು ಆರಿಸಿಕೊಂಡು ಮಾತನಾಡಿ ಎಂದು ಸಂಘದವರು ಕೇಳಿದಾಗ, ದಾವಣಗೆರೆಯಲ್ಲಿ ಹುಟ್ಟಿದ ನನಗೆ ಬೇರೆ ಯಾವ ಪದವೂ ಹೊಳೆಯಲಿಲ್ಲ. ಮಿಲ್. ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದದ್ದೇ ಅದರಿಂದ. ಮಿಲ್ಲಿನ ಸೈರನ್ ಕೇಳಿ ಒಲೆ ಹಚ್ಚಿದ ಮನೆಗಳವರು ಈ ಸಭೆಯಲ್ಲೇ ಬೇಕಾದಷ್ಟು ಜನ ಇದ್ದೀರಿ. ಆ ಕಾಲವನ್ನು ನಿಮಗೆ ನಾನು ವರ್ಣಿಸಬೇಕಾಗಿಲ್ಲ.

ನಮ್ಮ ಮನೆಯಲ್ಲಿ ‘ಗಿರಣಿಗೆ ಹೋಗಿ ಬಾ’ ಎಂದರೆ ಜೋಳದ ಡಬ್ಬಿ ಹೊರಬೇಕು. ‘ಮಿಲ್ಲಿಗೆ ಹೋದರು’ ಎಂದರೆ ಅಪ್ಪನ ಪಾಳಿ. ಕೈಯಲ್ಲಿ ಕಾಸಿಲ್ಲದ ವಾರ ಗಿರಣಿಯೂ ಇಲ್ಲ. ಅವ್ವ ಬೀಸುವ ಕಲ್ಲಿನ ಮುಂದೆ ಒಂದು ಕಾಲು ಚಾಚಿ ಕೂರುತ್ತಿದ್ದಳು. ಬಲಗೈ ಗೂಟದ ಮೇಲೆ, ಎಡಗೈಯಿಂದ ಹಿಡಿಹಿಡಿ ಜೋಳ ಕಲ್ಲಿನ ಬಾಯಿಗೆ. ಕಲ್ಲು ಸವೆದರೆ ಉಳಿಯಿಂದ ಕಚ್ಚು ಹಾಕುವವರು ಬರುವವರೆಗೆ ಹಿಟ್ಟು ತರಿತರಿ. ಒಂದು ರಾತ್ರಿ ಅಪ್ಪ ಪಾಳಿ ಮುಗಿಸಿ ಬಂದರು. ಹುಬ್ಬಿನ ಮೇಲೆ, ಕಿವಿಯ ಸಂದಿಯಲ್ಲಿ ಹತ್ತಿಯ ಎಳೆ. ಅವ್ವನ ಮೊಣಕೈವರೆಗೂ ಹಿಟ್ಟು. ಇಬ್ಬರೂ ಬೆಳ್ಳಗೆ ಕಂಡರು. ನಾನು ಕೇಳಿದೆ: ‘ಅಪ್ಪಾ, ನಿಮ್ಮ ಮಿಲ್ಲಿನಲ್ಲಿ ಏನು ಬೀಸುತ್ತಾರೆ?’

‘ಏನೂ ಬೀಸುವುದಿಲ್ಲ ಮಗನೇ, ನೂಲು ತೆಗೆಯುತ್ತಾರೆ.’

ಹಾಗಾದರೆ ಮಿಲ್ ಎಂದು ಏಕೆ ಕರೆದರು? ಮರುದಿನ ಶಾಲೆಯಲ್ಲಿ ಕೇಳಿದೆ. ‘ಮಿಲ್ ಎಂದರೆ ಕಾರ್ಖಾನೆ, ಬರೆದುಕೋ’ ಎಂದರು. ಬರೆದುಕೊಂಡೆ. ಆ ಉತ್ತರದ ಮೇಲೆ ನನಗಿರುವ ಸಿಟ್ಟು ಇಂದಿಗೂ ಆರಿಲ್ಲ. ಪದಕ್ಕೆ ಅರ್ಥ ಕೊಡುವ ಮೊದಲು ಮಕ್ಕಳಿಗೆ ವಸ್ತುವನ್ನು ತೋರಿಸಿ ಎಂದು ಮೂವತ್ತು ವರ್ಷ ಪಾಠ ಮಾಡಿದ ನಾನು ಎಲ್ಲಿ ಹೋದರೂ ಹೇಳುವುದು ಇದಕ್ಕಾಗಿಯೇ.

ವಸ್ತು ನಮ್ಮ ಮನೆಯಲ್ಲೇ ಇತ್ತು. ಲ್ಯಾಟಿನ್ನಿನಲ್ಲಿ ‘ಮೋಲಾ’ ಎಂದರೆ ಬೀಸುವ ಕಲ್ಲು. ಅದರಿಂದ ‘ಮೋಲಿನಾ’, ಅದು ಹಳೆಯ ಇಂಗ್ಲಿಷಿಗೆ ಹೋಗಿ ‘ಮಿಲನ್’, ಕೊನೆಗೆ ‘ಮಿಲ್’. ಮುಂದಿನ ಸಾಲಿನಲ್ಲಿ ಕುಳಿತಿರುವ ದಂತ ವೈದ್ಯಕೀಯ ವಿದ್ಯಾರ್ಥಿನಿಯರು ದಿನವೂ ಹೇಳುವ ‘ಮೋಲಾರ್’ ಕೂಡ ಇದೇ ಕಲ್ಲು. ನಮ್ಮ ದವಡೆ ಹಲ್ಲು ಬಾಯೊಳಗಿನ ಬೀಸುವ ಕಲ್ಲು, ಅಷ್ಟೇ.

ಇನ್ನು ಹತ್ತಿ. ಇಂಗ್ಲೆಂಡಿನಲ್ಲಿ ಗೋಧಿ ಬೀಸುವ ಕಲ್ಲುಗಳನ್ನು ಹೊಳೆಯ ನೀರಿನ ಚಕ್ರ ತಿರುಗಿಸುತ್ತಿತ್ತು. ಚಕ್ರವಿದ್ದ ಕಟ್ಟಡವೇ ಮಿಲ್. ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಕ್ರಾಂಫರ್ಡ್‌ನಲ್ಲಿ ಅಂಥದೇ ನೀರಿನ ಚಕ್ರಕ್ಕೆ ನೂಲುವ ಯಂತ್ರಗಳನ್ನು ಜೋಡಿಸಿದ. ಕಲ್ಲು ಹೋಯಿತು, ಚಕ್ರ ಉಳಿಯಿತು, ಹೆಸರೂ ಉಳಿಯಿತು. ಆಮೇಲೆ ಹಬೆ ಬಂದು ಚಕ್ರವೂ ಹೋಯಿತು. ಹೆಸರು ಮಾತ್ರ ಹಡಗು ಹತ್ತಿ ನಮ್ಮ ಊರಿಗೆ ಬಂತು. ಅಪ್ಪನಿಗೆ ಇದನ್ನು ಹೇಳುವಷ್ಟರಲ್ಲಿ ಅವರು ಇರಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ. ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ಯೋಜಿಸಿದ ಗಣಕಯಂತ್ರದಲ್ಲಿ ಲೆಕ್ಕ ಮಾಡುವ ಭಾಗಕ್ಕೆ ಇಟ್ಟ ಹೆಸರು ಮಿಲ್. ಅಲ್ಲಿ ಬೀಸುವುದು ಅಂಕಿಗಳನ್ನು. ಜಿಮ್‌ಗಳಲ್ಲಿ ನೀವು ಓಡುವ ಟ್ರೆಡ್‌ಮಿಲ್ ಒಂದು ಕಾಲಕ್ಕೆ ಕೈದಿಗಳಿಗೆ ಶಿಕ್ಷೆಯಾಗಿತ್ತು. ಅವರು ತುಳಿದ ಚಕ್ರ ಕೆಲವು ಜೈಲುಗಳಲ್ಲಿ ಧಾನ್ಯ ಬೀಸುತ್ತಿತ್ತು. ಡಾಲರಿನ ಸಾವಿರದ ಒಂದು ಭಾಗಕ್ಕೂ ಮಿಲ್ ಎನ್ನುತ್ತಾರೆ, ಆದರೆ ಅದು ಸಾವಿರ ಎಂಬರ್ಥದ ‘ಮಿಲ್ಲೆ’ಯಿಂದ ಬಂದದ್ದು, ಈ ಮನೆತನದ್ದಲ್ಲ.

ಚಿತ್ರದುರ್ಗವನ್ನು ಮಾತ್ರ ಬಿಡಲಾರೆ. ಅಲ್ಲಿನ ಗುಡ್ಡಗಳ ಮೇಲೆ ಸಾಲಾಗಿ ನಿಂತವುಗಳನ್ನು ವಿಂಡ್‌ಮಿಲ್ ಎನ್ನುತ್ತೇವೆ. ಅವು ಹಿಟ್ಟು ಬೀಸುವುದಿಲ್ಲ, ವಿದ್ಯುತ್ ಕೊಡುತ್ತವೆ. ಕೆಳಗೆ ಕೋಟೆಯೊಳಗೆ ಗುಂಡಿಯಲ್ಲಿ ಕೂರಿಸಿದ ಭಾರಿ ಕಲ್ಲುಗಳಿವೆ, ಮದ್ದು ಬೀಸುವ ಕಲ್ಲುಗಳು. ಇಂಗ್ಲಿಷರು ಸಿಡಿಮದ್ದು ಮಾಡುವ ಜಾಗವನ್ನು ಪೌಡರ್ ಮಿಲ್ ಎನ್ನುತ್ತಿದ್ದರು. ಅವರ ಮಿಲ್ಲೂ ನಮ್ಮ ಬೀಸುವ ಕಲ್ಲೂ ರೊಟ್ಟಿಯಿಂದ ಹೊರಟು ಮದ್ದಿನವರೆಗೆ ಹೋದವು. ಪ್ರವಾಸಕ್ಕೆ ಹೋದ ಮಕ್ಕಳು ಅಲ್ಲಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ಮಿಲ್ ಎಂದರೆ ಇದೇ ಎಂದು ಆ ಗುಂಡಿಯ ಅಂಚಿನಲ್ಲಿ ನಿಲ್ಲಿಸಿ ಒಬ್ಬರಾದರೂ ಹೇಳಬಾರದೇ?

ಉಳಿದ ಟಿಪ್ಪಣಿಗಳನ್ನು ಮಡಚುತ್ತೇನೆ. ಅವ್ವನ ಕಲ್ಲನ್ನು ಆಟೋದಲ್ಲಿ ತಂದು ಬಾಗಿಲ ಬಳಿ ಗೋಣಿಚೀಲದ ಮೇಲೆ ಇಟ್ಟಿದ್ದೇನೆ. ಪಕ್ಕದಲ್ಲಿ ಒಂದು ಸೇರು ಜೋಳ ಇದೆ. ಹಿಂದಿನ ಬೆಂಚಿನ ಮಕ್ಕಳು ಮೊದಲು ಬನ್ನಿ, ಗೂಟ ಹಿಡಿಯಿರಿ.