ರೋಹನ್ ಬೋಪಣ್ಣ: ಡಬಲ್ಸ್ ಕಲಿತ ಪರಿ

ಎಲ್ಲರಿಗೂ ನಮಸ್ಕಾರ.

2025ರ ನವೆಂಬರ್ 1ರಂದು, ಇಲ್ಲಿ ನಾವೆಲ್ಲ ರಾಜ್ಯೋತ್ಸವದ ಸಡಗರದಲ್ಲಿದ್ದಾಗ, ರೋಹನ್ ಬೋಪಣ್ಣ ವೃತ್ತಿಪರ ಟೆನಿಸ್‌ಗೆ ವಿದಾಯ ಹೇಳಿದರು. ಆಗ ಅವರಿಗೆ 45 ವರ್ಷ. ಅವರ ಮಾತು ಬಂದಾಗಲೆಲ್ಲ ನಾವು ವಯಸ್ಸಿನ ಬಗ್ಗೆಯೇ ಜಾಸ್ತಿ ಮಾತಾಡ್ತೇವೆ. 43ಕ್ಕೆ ಗ್ರ್ಯಾಂಡ್ ಸ್ಲಾಮ್, 43ಕ್ಕೆ ನಂಬರ್ ಒನ್, ಪವಾಡ ಅಂತೆಲ್ಲ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಅವರು ಒಂದು ಕಸುಬನ್ನು ಕಲಿಯುತ್ತಲೇ ಇದ್ದರು. ಆ ಕಸುಬಿನ ಹೆಸರು ಡಬಲ್ಸ್, ಅಂದರೆ ಇಬ್ಬಿಬ್ಬರು ಜೊತೆಯಾಗಿ ಆಡುವ ಟೆನಿಸ್. ಇವತ್ತು ಅದರ ಬಗ್ಗೆ ಮಾತಾಡೋಣ.

ಬೋಪಣ್ಣ ಬೆಳೆದದ್ದು ಕೊಡಗಿನಲ್ಲಿ, ಕಾಫಿ ತೋಟದ ಮನೆಯಲ್ಲಿ. ಸರ್ವ್‌ಗೆ ಬಲ ಬರಲಿ ಅಂತ ಸೌದೆ ಒಡೆದದ್ದು, ದಮ್ಮು ಹೆಚ್ಚಲಿ ಅಂತ ತೋಟದೊಳಗೆ ಓಡಿದ್ದು, ಬಿರುಕು ಬಿಟ್ಟ ಅಂಕಣಗಳಲ್ಲಿ ಆಡಿದ್ದು, ಇದನ್ನೆಲ್ಲ ವಿದಾಯದ ಪತ್ರದಲ್ಲಿ ಅವರೇ ನೆನೆದಿದ್ದಾರೆ. ಹದಿಹರೆಯದಲ್ಲೇ ತರಬೇತಿಗೆ ಪುಣೆಗೆ ಹೋದರು. 2002ರಲ್ಲಿ ಭಾರತಕ್ಕಾಗಿ, ದೇಶ ದೇಶಗಳ ತಂಡಗಳು ಸೆಣಸುವ ಡೇವಿಸ್ ಕಪ್‌ನಲ್ಲಿ ಮೊದಲ ಪಂದ್ಯ ಆಡಿದರು.

ಸಿಂಗಲ್ಸ್‌ನಲ್ಲಿ ಅವರು ಏರಿದ್ದು 213ನೇ ರ‍್ಯಾಂಕ್‌ವರೆಗೆ, 2007ರಲ್ಲಿ. ಅಲ್ಲಿಂದಾಚೆಗೆ ದಾರಿ ಕಷ್ಟ. ಆ ರ‍್ಯಾಂಕ್‌ನಲ್ಲಿ ದೊಡ್ಡ ಟೂರ್ನಿಗಳ ಮುಖ್ಯ ಸುತ್ತಿಗೆ ನೇರ ಪ್ರವೇಶ ಇಲ್ಲ. ಓಡಾಟ, ಹೋಟೆಲ್, ಕೋಚ್, ಎಲ್ಲ ಖರ್ಚೂ ಆಟಗಾರನದೇ. ಆದರೆ ಅವರ ಹತ್ತಿರ ಒಂದು ಆಸ್ತಿ ಇತ್ತು. ಎತ್ತರದ ಮೈಕಟ್ಟು, ಅದರಿಂದ ಹೊರಡುವ ಬಿರುಸಿನ ಸರ್ವ್.

ಡಬಲ್ಸ್‌ನಲ್ಲಿ ಅದಕ್ಕೆ ಬೆಲೆ ಜಾಸ್ತಿ. ಯಾಕೆ ಅಂದರೆ, ಅಲ್ಲಿ ಪಾಯಿಂಟ್ ನಾಲ್ಕೈದು ಹೊಡೆತದಲ್ಲಿ ಮುಗಿದುಹೋಗುತ್ತದೆ. ಒಬ್ಬ ಸರ್ವ್ ಮಾಡ್ತಾನೆ, ನೆಟ್ ಹತ್ತಿರ ನಿಂತ ಜೊತೆಗಾರ ತಡವರಿಸಿ ಬಂದ ಚೆಂಡನ್ನು ಅಲ್ಲೇ ಹೊಡೆದು ಮುಗಿಸ್ತಾನೆ. 2006ರಿಂದ ಎಟಿಪಿ ಟೂರ್‌ನಲ್ಲಿ, ಅಂದರೆ ಪುರುಷರ ವೃತ್ತಿಪರ ಟೂರ್ನಿಗಳ ಸರಣಿಯಲ್ಲಿ, ಡಬಲ್ಸ್ ಇನ್ನೂ ಚಿಕ್ಕದಾಯಿತು. 40-40 ಆದರೆ ಮುಂದಿನ ಒಂದೇ ಪಾಯಿಂಟ್‌ಗೆ ಗೇಮ್. ಮೂರನೇ ಸೆಟ್ ಬದಲು ಹತ್ತು ಪಾಯಿಂಟ್‌ಗಳ ಟೈಬ್ರೇಕ್, ಅಂದರೆ ಎರಡು ಪಾಯಿಂಟ್ ಅಂತರ ಇಟ್ಟುಕೊಂಡು ಮೊದಲು ಹತ್ತು ಮುಟ್ಟಿದವರಿಗೆ ಗೆಲುವು. ಕಾಲಿಗಿಂತ ಕಣ್ಣು, ಕೈ, ಜೊತೆಗಾರನ ಮನಸ್ಸು ಓದುವ ಬುದ್ಧಿ ಮುಖ್ಯ. ವರ್ಷ ಕಳೆದಂತೆ ಇವು ಹರಿತವಾಗ್ತವೆ ಅಲ್ವಾ?

2010ರ ಸೆಪ್ಟೆಂಬರ್ ತಿಂಗಳನ್ನೇ ನೋಡಿ. ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕನ್ ಓಪನ್ ಫೈನಲ್. ವಿಶ್ವಸಂಸ್ಥೆಯಲ್ಲಿದ್ದ ಎರಡೂ ದೇಶಗಳ ರಾಯಭಾರಿಗಳು ಅಕ್ಕಪಕ್ಕ ಕೂತು ಪಂದ್ಯ ನೋಡಿದರು. ಬ್ರಯಾನ್ ಸಹೋದರರ ಎದುರು ಎರಡೂ ಸೆಟ್ ಟೈಬ್ರೇಕ್‌ನಲ್ಲಿ ಕೈತಪ್ಪಿದವು. ಒಂದೇ ವಾರದ ನಂತರ ಚೆನ್ನೈಯಲ್ಲಿ ಬ್ರೆಜಿಲ್ ವಿರುದ್ಧ ಡೇವಿಸ್ ಕಪ್. ಭಾರತ 0-2ರಿಂದ ಹಿಂದೆ ಬಿದ್ದು 2-2ಕ್ಕೆ ಬಂತು. ಐದನೆಯ, ನಿರ್ಣಾಯಕ ಪಂದ್ಯದಲ್ಲಿ ರಿಕಾರ್ಡೊ ಮೆಲ್ಲೊ ಅವರನ್ನು ಸೋಲಿಸಿದ್ದು ಬೋಪಣ್ಣ. ಅದೂ ಸಿಂಗಲ್ಸ್‌ನಲ್ಲಿ! ಅವರ ಇಡೀ ಆಟದ ಬದುಕಿನಲ್ಲಿ ನನಗೆ ಅತಿ ಪ್ರಿಯವಾದ ವಾರ ಇದೇ. ಸೋತು ಬಂದವರು ಸುಮ್ನೆ ಕೂರಲಿಲ್ಲ.

ಮೊದಲ ಗ್ರ್ಯಾಂಡ್ ಸ್ಲಾಮ್ ಬಂದಿದ್ದು 2017ರಲ್ಲಿ, ಪ್ಯಾರಿಸ್‌ನ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ. ಕೆನಡಾದ ಗೇಬ್ರಿಯೆಲಾ ಡಾಬ್ರೊವ್‌ಸ್ಕಿ ಜೊತೆ ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು, ಕೊನೆಯ ಟೈಬ್ರೇಕ್ 12-10ರಿಂದ ಗೆದ್ದರು. ಅದಕ್ಕೂ ಹಿಂದಿನ ವರ್ಷ ರಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ನಾಲ್ಕನೇ ಸ್ಥಾನ. ಪದಕ ಬರಲೇ ಇಲ್ಲ. ಆ ಕೊರಗು ಅವರ ಅಭಿಮಾನಿಗಳಲ್ಲಿ ಇವತ್ತಿಗೂ ಇದೆ.

ಇನ್ನು ಮೊಣಕಾಲು. ಅಲ್ಲಿನ ಕಾರ್ಟಿಲೇಜ್ ಸವೆದು ಹೋಗಿತ್ತು. ದಿನಕ್ಕೆ ಎರಡು ಮೂರು ನೋವಿನ ಮಾತ್ರೆ ನುಂಗಿ ಆಡುತ್ತಿದ್ದರು. 2021ರ ಶುರುವಿನಲ್ಲಿ ತಿಂಗಳುಗಟ್ಟಲೆ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಆಟ ಬಿಟ್ಟು ಬಿಡೋಣ ಅಂತಲೂ ಅನಿಸಿತ್ತು ಅಂತ ಅವರೇ ಹೇಳಿದ್ದಾರೆ. ಕೋವಿಡ್ ಕಾಲದಲ್ಲಿ ಹಿಡಿದ ಅಯ್ಯಂಗಾರ್ ಯೋಗ ಅವರನ್ನು ಉಳಿಸಿತು. ಹಗ್ಗ, ಕುರ್ಚಿ, ಪಟ್ಟಿಗಳ ನೆರವಿನಿಂದ ಒಂದೊಂದೇ ಕೀಲನ್ನು ನಿಧಾನವಾಗಿ ಪಳಗಿಸುವ ಪದ್ಧತಿ ಅದು. ಕಾಲಿನ ಸುತ್ತಲಿನ ಸ್ನಾಯುಗಳು ಬಲವಾದವು. ಮಾತ್ರೆ ನಿಂತಿತು.

ಆಮೇಲೆ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್ ಜೊತೆಯಾದರು. 2023ರಲ್ಲಿ ಇಂಡಿಯನ್ ವೆಲ್ಸ್ ಗೆದ್ದರು. ಅದೇ ವರ್ಷ ಅಮೆರಿಕನ್ ಓಪನ್ ಫೈನಲ್, ಮೂರನೇ ಸೆಟ್. ಚೆಂಡು ಬೋಪಣ್ಣ ಅವರ ಕೈಗೆ ಸವರಿಕೊಂಡು ಹೋಯಿತು. ಅಂಪೈರ್ ಗಮನಿಸಲಿಲ್ಲ. ಬೋಪಣ್ಣ ತಾವೇ ಅಂಪೈರ್‌ಗೆ ಹೇಳಿ ಪಾಯಿಂಟ್ ಬಿಟ್ಟುಕೊಟ್ಟರು. ಆ ಸೆಟ್ ಸೋತರು, ಟ್ರೋಫಿಯೂ ಹೋಯಿತು. ಜೀವಮಾನವಿಡೀ ಕಾದ ಟ್ರೋಫಿ ಕಣ್ಣೆದುರಿಗೇ ಇದ್ದಾಗ ಹಾಗೆ ಮಾಡೋದು ಎಷ್ಟು ಕಷ್ಟ, ಯೋಚಿಸಿ.

ನಾಲ್ಕೇ ತಿಂಗಳಲ್ಲಿ ಮೆಲ್ಬರ್ನ್, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಫೈನಲ್, ಎಬ್ಡನ್ ಜೊತೆಗೇ. 2024ರ ಜನವರಿ 27, ಇಟಲಿಯ ಬೊಲೆಲ್ಲಿ ಮತ್ತು ವಾವಸ್ಸೊರಿ ಎದುರು. ಮೊದಲ ಸೆಟ್ 6-6. ಟೈಬ್ರೇಕ್‌ನಲ್ಲಿ ಎದುರಾಳಿಗಳಿಗೆ ಒಂದೇ ಒಂದು ಪಾಯಿಂಟ್ ಕೊಡಲಿಲ್ಲ, 7-0. ಎರಡನೇ ಸೆಟ್ 7-5, ಟ್ರೋಫಿ ಕೈಗೆ ಬಂತು. ಕ್ವಾರ್ಟರ್ ಫೈನಲ್ ಗೆದ್ದಾಗಲೇ ಡಬಲ್ಸ್‌ನ ವಿಶ್ವ ನಂಬರ್ ಒನ್ ಸ್ಥಾನ ಖಾತ್ರಿಯಾಗಿತ್ತು. ಆ ವರ್ಷ ಪದ್ಮಶ್ರೀಯೂ ಬಂತು.

ಕೊನೆಯ ಪಂದ್ಯ ಪ್ಯಾರಿಸ್ ಮಾಸ್ಟರ್ಸ್‌ನಲ್ಲಿ, ಅಲೆಕ್ಸಾಂಡರ್ ಬುಬ್ಲಿಕ್ ಜೊತೆ. ಟೈಬ್ರೇಕ್‌ನಲ್ಲಿ 10-8ರಿಂದ ಸೋಲು. ಒಟ್ಟು 26 ಎಟಿಪಿ ಡಬಲ್ಸ್ ಪ್ರಶಸ್ತಿ. ಬೆಂಗಳೂರಿನಲ್ಲಿ ಅವರದೇ ಅಕಾಡೆಮಿ ಇದೆ, ಅಲ್ಲಿ ಮಕ್ಕಳು ಕಲಿಯುತ್ತಿದ್ದಾರೆ.

ಇಲ್ಲಿ ಕೂತಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗು ಸಿಂಗಲ್ಸ್‌ನಲ್ಲಿ ಎಷ್ಟನೇ ರ‍್ಯಾಂಕ್ ಅಂತ ಮಾತ್ರ ಕೇಳಬೇಡಿ. ನಮ್ಮ ಕ್ಲಬ್‌ಗಳಲ್ಲಿ ಡಬಲ್ಸ್ ಅಂದರೆ ಸಂಜೆ ಹೊತ್ತು ಉಳಿದ ಸಮಯದಲ್ಲಿ ಆಡುವ ಆಟ ಆಗಿಬಿಟ್ಟಿದೆ. ಸರ್ವ್ ಆದ ತಕ್ಷಣ ಎಲ್ಲಿ ನಿಲ್ಲಬೇಕು, ಜೊತೆಗಾರನಿಗೆ ಬೆನ್ನ ಹಿಂದೆ ಬೆರಳಿನಿಂದ ಹೇಗೆ ಸನ್ನೆ ಮಾಡಬೇಕು, ಯಾವಾಗ ಅಡ್ಡ ನುಗ್ಗಬೇಕು, ಇದನ್ನೂ ಚಿಕ್ಕಂದಿನಲ್ಲೇ ಹೇಳಿಕೊಡಿ. ನಮ್ಮ ದೇಶದವರೇ ಆದ ಯೂಕಿ ಭಾಂಬ್ರಿ 2009ರಲ್ಲಿ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಸಿಂಗಲ್ಸ್ ಗೆದ್ದವರು. ಮುಂದೆ ಡಬಲ್ಸ್‌ಗೆ ಬಂದು, 2025ರ ಅಮೆರಿಕನ್ ಓಪನ್‌ನಲ್ಲಿ ಮೈಕಲ್ ವೀನಸ್ ಜೊತೆ ಸೆಮಿಫೈನಲ್ ತಲುಪಿದರು. ಮನೆಗೆ ಹೋದ ಮೇಲೆ ಮೆಲ್ಬರ್ನ್‌ನ ಆ ಟೈಬ್ರೇಕ್ ವಿಡಿಯೊ ಮಕ್ಕಳ ಜೊತೆ ಕೂತು ನೋಡಿ. ಚೆಂಡಿನ ಹಿಂದೆ ಹೋಗದೆ, ನೆಟ್ ಹತ್ತಿರ ನಿಂತವರ ಕಾಲುಗಳ ಮೇಲೆ ಕಣ್ಣಿಡಿ.