ದುಡ್ಡೇನು ಗಿಡದಲ್ಲಿ ಬಿಡುತ್ತಾ?

ಕೇಳುಗರೇ, ನಮಸ್ಕಾರ.

ಜಾತ್ರೆಯಲ್ಲಿ ಬೊಂಬೆ ಬೇಕು ಅಂತ ಹಟ ಹಿಡಿದ ಮಗುವಿಗೆ ನಮ್ಮ ಮನೆಗಳಲ್ಲಿ ಒಂದು ಉತ್ತರ ಸಿದ್ಧವಾಗಿಯೇ ಇರುತ್ತದೆ. ‘ದುಡ್ಡೇನು ಗಿಡದಲ್ಲಿ ಬಿಡುತ್ತಾ?’ ನಾನೂ ಕೇಳಿಸಿಕೊಂಡಿದ್ದೇನೆ. ಆಮೇಲೆ ದೊಡ್ಡವನಾಗಿ ಹೇಳಿಯೂ ಇದ್ದೇನೆ. ಇದೇ ಮಾತನ್ನು ಒಬ್ಬ ಪ್ರಧಾನಿ ಇಡೀ ದೇಶಕ್ಕೆ ಹೇಳಿದ್ದರು. ಇವತ್ತು ಆ ರಾತ್ರಿಯ ಸುದ್ದಿ ಮಾತಾಡೋಣ.

2012ರ ಸೆಪ್ಟೆಂಬರ್. ಗೌರಿ ಗಣೇಶ ಹಬ್ಬಕ್ಕೆ ಇನ್ನೊಂದು ವಾರವೂ ಇರಲಿಲ್ಲ. 13ನೇ ತಾರೀಕು ದೆಹಲಿಯಿಂದ ಸುದ್ದಿ ಬಂತು. ಡೀಸೆಲ್ ಬೆಲೆ ಲೀಟರಿಗೆ 5 ರೂಪಾಯಿ ಜಾಸ್ತಿ. ಸಬ್ಸಿಡಿ ದರದ ಗ್ಯಾಸ್ ಸಿಲಿಂಡರ್ ಇನ್ನು ಮೇಲೆ ಒಂದು ಮನೆಗೆ ವರ್ಷಕ್ಕೆ 6 ಮಾತ್ರ. ಏಳನೆಯದು ಬೇಕಿದ್ದರೆ ಪೂರ್ತಿ ಬೆಲೆ ಕೊಡಿ. ಮರುದಿನ ಇನ್ನೊಂದು ತೀರ್ಮಾನ: ಚಿಲ್ಲರೆ ವ್ಯಾಪಾರದ ದೊಡ್ಡ ಮಳಿಗೆಗಳಲ್ಲಿ ವಿದೇಶಿ ಕಂಪನಿಗಳು ಶೇ. 51ರವರೆಗೆ ಬಂಡವಾಳ ಹೂಡಬಹುದು.

ನಮ್ಮ ಮನೆಯಲ್ಲಿ ವಿದೇಶಿ ಬಂಡವಾಳದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸಿಲಿಂಡರ್ ಲೆಕ್ಕ ಮಾತ್ರ ತಕ್ಷಣ ಶುರುವಾಯಿತು. ಆರು ಅಂದರೆ ಎರಡು ತಿಂಗಳಿಗೆ ಒಂದು. ನಮ್ಮದು ಏಳು ಜನರ ಮನೆ, ಒಂದು ಸಿಲಿಂಡರ್ ಒಂದು ತಿಂಗಳು ಬಂದರೆ ಪುಣ್ಯ. ಆ ವರ್ಷ ಮಾರ್ಚ್ ಕೊನೆಯವರೆಗೆ ಉಳಿದಿದ್ದು ಮೂರೇ ಮೂರು. ‘ಕಡುಬಿಗೆ ಒಂದು ಇರಲಿ, ಸಂಕ್ರಾಂತಿಗೆ ಒಂದು ಇರಲಿ’ ಅಂತ ಅಮ್ಮ ಬೆರಳು ಮಡಚಿದಳು. ಊರಿನ ಗ್ಯಾಸ್ ಏಜೆನ್ಸಿ ಮುಂದೆ ಕ್ಯೂ. ಒಂದೇ ವಿಳಾಸದಲ್ಲಿ ಎರಡು ಸಂಪರ್ಕ ಇದ್ದವರು ರೇಷನ್ ಕಾರ್ಡಿನ ಜೆರಾಕ್ಸ್ ಹಿಡಿದು ನಿಂತಿದ್ದರು.

19ಕ್ಕೆ ಗಣೇಶ ಬಂದ. 20ಕ್ಕೆ ದೇಶವೆಲ್ಲ ಬಂದ್. ಕಡುಬು ಇನ್ನೂ ಡಬ್ಬಿಯಲ್ಲಿತ್ತು. 21, ಶುಕ್ರವಾರ, ಸರ್ಕಾರದಲ್ಲಿ ಪಾಲುದಾರನಾಗಿದ್ದ ತೃಣಮೂಲ ಕಾಂಗ್ರೆಸ್ಸಿನ ಮಂತ್ರಿಗಳು ಈ ತೀರ್ಮಾನಗಳನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು. ಆ ಪಕ್ಷದ 19 ಸಂಸದರ ಬೆಂಬಲ ಹೋಯಿತು. ಅದೇ ರಾತ್ರಿ ಟಿವಿಯಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಕಾಣಿಸಿಕೊಂಡರು.

ನೀಲಿ ಪೇಟ, ಏರಿಳಿತ ಇಲ್ಲದ ದನಿ. ಇಂಗ್ಲಿಷಿನಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ. ಅವರು ತಮ್ಮ ಹಿಂದಿ ಭಾಷಣಗಳನ್ನು ಉರ್ದು ಲಿಪಿಯಲ್ಲಿ ಬರೆದುಕೊಂಡು ಓದುತ್ತಿದ್ದರು. ಈಗ ಪಾಕಿಸ್ತಾನದಲ್ಲಿರುವ ಒಂದು ಹಳ್ಳಿಯಲ್ಲಿ ಹುಟ್ಟಿ ಅಲ್ಲೇ ಅಕ್ಷರ ಕಲಿತವರು ನೋಡಿ. ಭಾಷಣ ಅಂದರೆ ಕೈ ಬೀಸಿ ಗುಡುಗಬೇಕು ಅನ್ನುವವರಿಗೆ ಅವರು ಹಿಡಿಸುತ್ತಿರಲಿಲ್ಲ. ಆದರೆ ಆ ರಾತ್ರಿ ಅವರು ಮಾಡಿದ ಕೆಲಸ ನನಗೆ ಹಿಡಿಸಿತು. ಅವರು ಲೆಕ್ಕ ಒಪ್ಪಿಸಿದರು.

ಏನಂದರು? ನಮಗೆ ಬೇಕಾದ ಎಣ್ಣೆಯಲ್ಲಿ ಸುಮಾರು ಶೇ. 80 ಭಾಗ ಹೊರಗಿನಿಂದ ಬರುತ್ತದೆ. ಹೊರಗೆ ಬೆಲೆ ಏರಿದೆ, ಒಳಗೆ ಆ ಏರಿಕೆಯ ಹೆಚ್ಚಿನ ಪಾಲನ್ನು ನಾವು ನಿಮ್ಮ ಮೇಲೆ ಹಾಕಿಲ್ಲ. ಹಾಗಾಗಿ ಕಳೆದ ವರ್ಷ ಪೆಟ್ರೋಲಿಯಂ ಸಬ್ಸಿಡಿಗೆ ಹೋದದ್ದು 1 ಲಕ್ಷ 40 ಸಾವಿರ ಕೋಟಿ ರೂಪಾಯಿ. ಹೀಗೇ ಬಿಟ್ಟರೆ ಈ ವರ್ಷ 2 ಲಕ್ಷ ಕೋಟಿ ದಾಟುತ್ತದೆ. ಈ ದುಡ್ಡು ಎಲ್ಲಿಂದ ಬರಬೇಕು? ಆಮೇಲೆ ಆ ಮಾತು: ದುಡ್ಡು ಮರದಲ್ಲಿ ಬಿಡುವುದಿಲ್ಲ.

ಲಕ್ಷ ಕೋಟಿ ಅಂದರೆ ನನ್ನ ತಲೆಗೆ ಹತ್ತುವುದಿಲ್ಲ. ಸೊನ್ನೆ ಎಣಿಸುವಷ್ಟರಲ್ಲೇ ಸುಸ್ತು. ಅದಕ್ಕೆ ಹೀಗೆ ಭಾಗಿಸಿ ನೋಡಿದೆ. 2011ರ ಜನಗಣತಿಯ ಪ್ರಕಾರ ನಾವು 121 ಕೋಟಿ ಜನ. ಆ ಸಬ್ಸಿಡಿಯನ್ನು ಎಲ್ಲರಿಗೂ ಸಮನಾಗಿ ಹಂಚಿದರೆ ತಲೆಗೆ ಸುಮಾರು 1,150 ರೂಪಾಯಿ. ಸೌದೆ ಒಲೆಯ ಮನೆಯ ಕೂಸಿನ ಹೆಸರಲ್ಲೂ 1,150. ಡೀಸೆಲ್ ಕಾರಿನ ಯಜಮಾನರ ಹೆಸರಲ್ಲೂ 1,150. ಆದರೆ ಅದರ ಲಾಭ ಸಿಗುತ್ತಿದ್ದದ್ದು ಯಾರಿಗೆ ಜಾಸ್ತಿ? ಪ್ರಧಾನಿಯೂ ಇದನ್ನೇ ಕೇಳಿದರು. ಡೀಸೆಲ್‌ನಲ್ಲಿ ದೊಡ್ಡ ಪಾಲು ಸಿರಿವಂತರ ಕಾರುಗಳಿಗೆ, ಕಾರ್ಖಾನೆಗಳಿಗೆ ಹೋಗುತ್ತಿದೆ, ಅವರಿಗಾಗಿ ಸರ್ಕಾರ ಸಾಲ ಮಾಡಬೇಕೇ ಅಂತ.

ಇನ್ನಷ್ಟು ವಿವರವನ್ನೂ ಕೊಟ್ಟರು. ಡೀಸೆಲ್ ನಷ್ಟ ಪೂರ್ತಿ ತುಂಬಬೇಕಾದರೆ ಲೀಟರಿಗೆ 17 ರೂಪಾಯಿ ಏರಿಸಬೇಕಿತ್ತು, ಏರಿಸಿದ್ದು 5. ಸ್ಕೂಟರ್, ಬೈಕಿನವರಿಗೆ ಹೊಡೆತ ಬೀಳಬಾರದು ಅಂತ ಪೆಟ್ರೋಲ್ ಮೇಲಿನ ತೆರಿಗೆ 5 ರೂಪಾಯಿ ಇಳಿಸಿದ್ದೇವೆ. ಸೀಮೆಎಣ್ಣೆ ಮುಟ್ಟಿಲ್ಲ. ನಮ್ಮ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ, ಅಂದರೆ ಸಹಾಯ ಅತಿ ಹೆಚ್ಚು ಬೇಕಾದವರು, ಬಳಸುವುದೇ ಆರೋ ಅದಕ್ಕಿಂತ ಕಡಿಮೆಯೋ ಸಿಲಿಂಡರ್. ಇದನ್ನು ಕೇಳಿ ಅಮ್ಮ ಟಿವಿಗೇ ಉತ್ತರ ಕೊಟ್ಟಳು. ‘ಇವರ ಮನೆಗೆ ನೆಂಟರು ಬರಲ್ವಾ?’

ಮಾತಿನ ನಡುವೆ ಅವರು 1991ನ್ನು ನೆನೆದರು. ಆಗ ನಮಗೆ ಚಿಕ್ಕ ಸಾಲ ಕೊಡಲೂ ಯಾರೂ ತಯಾರಿರಲಿಲ್ಲ ಅಂದರು. ಹಾಗೆ ಹೇಳುವ ಹಕ್ಕು ಅವರಿಗಿತ್ತು. ಆ ವರ್ಷದ ಜುಲೈ 24ರಂದು ಹಣಕಾಸು ಮಂತ್ರಿಯಾಗಿ ಬಜೆಟ್ ಓದಿದವರು ಅವರೇ. ದೇಶದ ಬಳಿ ಸುಮಾರು 2,500 ಕೋಟಿ ರೂಪಾಯಿಯ ವಿದೇಶಿ ವಿನಿಮಯ ಇದೆ, ಅದು ಹದಿನೈದು ದಿನದ ಆಮದಿಗೆ ಮಾತ್ರ ಸಾಕು ಅಂತ ಲೋಕಸಭೆಯಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದ್ದರು. ಅಷ್ಟರಲ್ಲಿ ರಿಸರ್ವ್ ಬ್ಯಾಂಕಿನ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಅಡವಿಗೆ ಹೋಗಿತ್ತು. ಮನೆಯಲ್ಲಿ ಬಳೆ ಅಡವಿಟ್ಟ ಅನುಭವ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಬಜೆಟ್‌ನಲ್ಲಿ ಅಡುಗೆ ಗ್ಯಾಸ್, ಪೆಟ್ರೋಲ್ ಶೇ. 20 ಏರಿದವು. ರಸಗೊಬ್ಬರ ಶೇ. 40 ಏರಿತು. ಗದ್ದಲವಾಯಿತು. ಗೊಬ್ಬರದ ಏರಿಕೆಯನ್ನು 30ಕ್ಕೆ ಇಳಿಸಿ, ಸಣ್ಣ ರೈತರನ್ನು ಹೊರಗಿಟ್ಟರು. ಅಂದರೆ ಆಗಲೂ ಸ್ವಲ್ಪ ಬಗ್ಗಿದರು. ಆದರೆ ಒಂದು ವ್ಯತ್ಯಾಸ ನೋಡಿ. ಆಗ ಬೆಲೆ ಏರಿಸಿದ್ದು, ಯಾಕೆ ಏರಿಸಿದೆ ಅಂತ ಹೇಳಿದ್ದು, ಎರಡೂ ಒಂದೇ ದಿನ, ಒಂದೇ ಭಾಷಣದಲ್ಲಿ. 2012ರಲ್ಲಿ ಬೆಲೆ ಏರಿದ್ದು 13ಕ್ಕೆ, ಕಾರಣ ಬಂದದ್ದು 21ಕ್ಕೆ. ಈ ಎಂಟು ದಿನ ಊರೂರಲ್ಲಿ ಬೇರೆಯವರೇ ಮಾತಾಡಿದರು. ಪ್ರಧಾನಿ ಬಾಯಿ ಬಿಡುವ ಹೊತ್ತಿಗೆ ಜನ ತೀರ್ಪು ಕೊಟ್ಟಾಗಿತ್ತು.

ಇನ್ನೊಂದು ತಕರಾರೂ ನನಗಿದೆ. 2005ರಿಂದ ಕೆಲವು ವರ್ಷ ಇದೇ ಸರ್ಕಾರ ಎಣ್ಣೆ ಕಂಪನಿಗಳ ನಷ್ಟಕ್ಕೆ ನಗದು ಕೊಡುವ ಬದಲು ಬಾಂಡ್ ಬರೆದುಕೊಟ್ಟಿತ್ತು. ಅಂದರೆ ಸಾಲದ ಚೀಟಿ. ಒಟ್ಟು ಮೊತ್ತ ಲಕ್ಷ ಕೋಟಿಗೂ ಮೇಲೆ. ಬಡ್ಡಿ ಈಗ, ಅಸಲು ಮುಂದೆ ಬರುವ ಸರ್ಕಾರಕ್ಕೆ. ಇದು ಆಯಾ ವರ್ಷದ ಬಜೆಟ್ ಕೊರತೆಯಲ್ಲಿ ಕಾಣುತ್ತಿರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಬರೆಸಿ ತಂದು ‘ಈ ತಿಂಗಳು ಖರ್ಚೇ ಆಗಿಲ್ಲ’ ಅನ್ನುವ ಹಾಗೆ. ಸೆಪ್ಟೆಂಬರ್ 21ರ ಭಾಷಣದಲ್ಲಿ ಈ ಚೀಟಿಗಳ ಮಾತು ಬರಲಿಲ್ಲ. ಬಂದಿದ್ದರೆ ಮರದ ಮಾತಿಗೆ ಇನ್ನಷ್ಟು ತೂಕ ಬರುತ್ತಿತ್ತು.

ಆಮೇಲೆ ಏನಾಯಿತು? ಅಕ್ಟೋಬರ್ ಕೊನೆಯಲ್ಲಿ ಪೆಟ್ರೋಲಿಯಂ ಖಾತೆ ನಮ್ಮ ಮಾಜಿ ಮುಖ್ಯಮಂತ್ರಿ ವೀರಪ್ಪ ಮೊಯ್ಲಿ ಅವರ ಕೈಗೆ ಬಂತು. 2013ರ ಜನವರಿಯಲ್ಲಿ ಆರು ಸಿಲಿಂಡರ್ ಒಂಬತ್ತಾಯಿತು. ಅದೇ ದಿನ ಡೀಸೆಲ್ ಬೆಲೆಯನ್ನು ಸ್ವಲ್ಪ ಸ್ವಲ್ಪವೇ ಏರಿಸಲು ಕಂಪನಿಗಳಿಗೆ ಒಪ್ಪಿಗೆ ಸಿಕ್ಕಿತು. ತಿಂಗಳಿಗೆ ಸುಮಾರು 50 ಪೈಸೆ. ಒಂದೇ ಸಲ 5 ರೂಪಾಯಿ ಏರಿದಾಗ ದೇಶವೇ ಬಂದ್ ಆಗಿತ್ತು. ತಿಂಗಳಿಗೆ ಎಂಟಾಣೆ ಏರಿದಾಗ ಪಂಪಿನಲ್ಲಿ ಗೊಣಗಿದ್ದಷ್ಟೇ. 2014ರ ಅಕ್ಟೋಬರ್ ಹೊತ್ತಿಗೆ, ಮುಂದಿನ ಸರ್ಕಾರ ಡೀಸೆಲ್ ಬೆಲೆಯನ್ನು ಮಾರುಕಟ್ಟೆಗೇ ಬಿಟ್ಟಿತು. ಆ 50 ಪೈಸೆಯ ದಾರಿ ಅದನ್ನು ಸುಲಭ ಮಾಡಿತ್ತು. ಹೊರಗೆ ಎಣ್ಣೆ ಬೆಲೆಯೂ ಇಳಿದಿತ್ತು ಅನ್ನಿ.

ಸಿಲಿಂಡರ್ ಕಥೆ ಮಾತ್ರ ಬೇರೆ ದಾರಿ ಹಿಡಿಯಿತು. 2014ರ ಜನವರಿ 17, ದೆಹಲಿಯ ತಾಲ್ಕಟೋರಾ ಕ್ರೀಡಾಂಗಣ, ಕಾಂಗ್ರೆಸ್ ಸಭೆ. ಚುನಾವಣೆ ಹತ್ತಿರವಿತ್ತು. ವೇದಿಕೆಯಿಂದಲೇ ರಾಹುಲ್ ಗಾಂಧಿ ಪ್ರಧಾನಿಯವರನ್ನು ಕೇಳಿದರು: ಒಂಬತ್ತು ಸಾಲದು, ಹನ್ನೆರಡು ಮಾಡಿ. ಹದಿಮೂರನೇ ದಿನ, ಜನವರಿ 30ರಂದು, ಸಂಪುಟ ಹನ್ನೆರಡಕ್ಕೆ ಒಪ್ಪಿತು.

ನಮ್ಮ ಮನೆಯ ಗ್ಯಾಸ್ ಪುಸ್ತಕ ಈಗಲೂ ಇದೆ. ಅದರ ಹಿಂದಿನ ರಟ್ಟಿನ ಮೇಲೆ ಅಮ್ಮ 6 ಅಂತ ಬರೆದಿದ್ದಳು. ಅದನ್ನು ಹೊಡೆದು 9. ಅದನ್ನೂ ಹೊಡೆದು 12. ಮೂರನ್ನೂ ಬರೆದದ್ದು ಪೆನ್ಸಿಲ್‌ನಲ್ಲಿ.

ನಮಸ್ಕಾರ.