ಬೀಗದ ಕೈ ಗೊಂಚಲು

(ಗ್ರಂಥಾಲಯ ಸಪ್ತಾಹದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ನಾನು ಕಾಲೇಜೊಂದಕ್ಕೆ ಲೈಬ್ರರಿಯನ್ ಆಗಿ ಸೇರಿದ ದಿನ ಹಿಂದಿದ್ದವರು ನನಗೆ ಚಾರ್ಜು ಕೊಟ್ಟರು. ಚಾರ್ಜು ಅಂದರೆ ಬಂದ ಪುಸ್ತಕಗಳನ್ನೆಲ್ಲ ನಂಬರು ಹಾಕಿ ಬರೆದಿಡುವ ಒಂದು ಅಕ್ಸೆಷನ್ ರಿಜಿಸ್ಟರು, ಇಪ್ಪತ್ತಮೂರು ಬೀರುಗಳ ಬೀಗದ ಕೈ ಗೊಂಚಲು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಪುಸ್ತಕ ಕೊಡಲಿಲ್ಲ ಅಂತ ಇಲ್ಲಿವರೆಗೆ ಯಾರೂ ನನಗೆ ನೋಟೀಸು ಕೊಟ್ಟಿಲ್ಲ ಕಣಪ್ಪ. ಕೊಟ್ಟು ಕಳೆದರೆ ಸಂಬಳದಲ್ಲಿ ಹಿಡೀತಾರೆ. ನೆನಪಿಟ್ಟುಕೋ." ಅವರು ಕೆಟ್ಟ ಮನುಷ್ಯರೇನಲ್ಲ. ಕಡೆಯ ಸ್ಟಾಕ್ ವೆರಿಫಿಕೇಷನ್‌ನಲ್ಲಿ ಹನ್ನೊಂದು ಪುಸ್ತಕ ಸಿಗದೆ ಅವರ ಪಿಂಚಣಿ ಕಾಗದ ಮೇಜಿಂದ ಮೇಜಿಗೆ ಅಲೆಯುತ್ತಿತ್ತು.

ಆಮೇಲೆ ಎಂಟು ವರ್ಷ ನಾನೂ ಬೀಗವನ್ನೇ ಕಾಯ್ದೆ. ಹುಡುಗರು ಗಾಜಿನ ಆಚೆಯಿಂದ ಪುಸ್ತಕದ ಬೆನ್ನು ಓದಿ ಚೀಟಿ ಬರೆಯಬೇಕು, ನಾನು ತೆಗೆದುಕೊಡಬೇಕು. ಬೆನ್ನು ಹರಿದ ಪುಸ್ತಕಕ್ಕೆ ಹೆಸರೇ ಇಲ್ಲ, ಹಾಗಾಗಿ ಅದನ್ನು ಕೇಳುವವರೂ ಇಲ್ಲ. ನನ್ನ ಕಾಲದಲ್ಲಿ ಒಂದು ಪುಸ್ತಕವೂ ಕಳೆಯಲಿಲ್ಲ. ಆಡಿಟ್‌ನವರು ಮೆಚ್ಚಿಕೊಂಡರು. ಇವತ್ತು ಅದನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಸಂಘಟಕರು ನನಗೆ ಕೊಟ್ಟ ವಿಷಯ "ಬದಲಾಗುತ್ತಿರುವ ಗ್ರಂಥಾಲಯ ಮತ್ತು ನಾಯಕತ್ವ". ನಾಯಕತ್ವ ಅಂದ ತಕ್ಷಣ ನಮಗೆ ವೇದಿಕೆ, ಶಾಲು, ಹಾರ ಕಣ್ಣಿಗೆ ಬರುತ್ತವೆ. ಆ ಬೀರು ತೆರೆದಿಡುವ ಧೈರ್ಯ ಯಾರಿಗೆ, ಯಾವಾಗ ಬರುತ್ತದೆ ಅನ್ನುವಷ್ಟನ್ನೇ ಇವತ್ತು ಮಾತಾಡುತ್ತೇನೆ.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಗ್ರಂಥಾಲಯಕ್ಕೆ ಸಂಬಂಧಿಸಿದ್ದು. ವರ್ಷದಲ್ಲಿ ಎರವಲು ಹೋದ ಅಥವಾ ಅಲ್ಲೇ ಕೂತು ನೋಡಿದ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದನ್ನು ಸಹಜ ನಷ್ಟ ಅಂತ ಒಪ್ಪಿಕೊಳ್ಳಬಹುದು, ಅದರ ಹಿಂದೆ ಮೋಸವಾಗಲಿ ನಿರ್ಲಕ್ಷ್ಯವಾಗಲಿ ಇರಬಾರದು. ಇದು ಕೇಂದ್ರದ ನಿಯಮ, ನಿಮ್ಮ ಪಂಚಾಯಿತಿಗೆ ನೇರವಾಗಿ ತಾಗುವುದಿಲ್ಲ. ಆದರೂ ಅದರ ಲೆಕ್ಕಾಚಾರ ನೋಡಿ. ವಿನಾಯಿತಿ ಇರುವುದು ಬೀರುವಿನಲ್ಲಿರುವ ಸಾವಿರಕ್ಕಲ್ಲ, ಓದುಗರ ಕೈಗೆ ಹೋದ ಸಾವಿರಕ್ಕೆ. ಹೆಚ್ಚು ಕೊಟ್ಟವನಿಗೆ ಹೆಚ್ಚು ಮಾಫಿ. ಬೀರು ತೆಗೆಯದವನಿಗೆ ಒಂದು ಪುಸ್ತಕದ ಮಾಫಿಯೂ ಇಲ್ಲ. ನನಗೆ ಇದು ಗೊತ್ತಾದದ್ದು ತೀರಾ ತಡವಾಗಿ. ನೀವು ಒಂದು ಪ್ರತಿ ತೆಗೆಸಿ ನಿಮ್ಮ ಪಿಡಿಒ ಅವರ ಮೇಜಿನ ಮೇಲಿಡಿ. ನಮ್ಮಲ್ಲೂ ಹೀಗೇ ಮಾಡೋಣ ಅಂತ ಕೇಳುವುದಕ್ಕೆ ಒಂದು ದಾರಿ ಆಗುತ್ತದೆ.

ಎಸ್. ಆರ್. ರಂಗನಾಥನ್ ಹೆಸರು ನಿಮಗೆಲ್ಲ ಗೊತ್ತು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದಾಗ ಅವರು ಗಣಿತದ ಮೇಷ್ಟ್ರು. ಖಾಲಿ ಓದುಮನೆಯಲ್ಲಿ ಕೂತು ಬೇಸರ ಬಂದು, ವಾಪಸ್ ಪಾಠ ಮಾಡಲು ಹೋಗುತ್ತೇನೆ ಅಂತ ಹಟ ಹಿಡಿದಿದ್ದರು. ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬಂದ ಮೇಲೆ ಆಳೇ ಬೇರೆಯಾದರು. 1931ರಲ್ಲಿ ಅವರು ಬರೆದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕಗಳಿರುವುದು ಬಳಕೆಗೆ ಅನ್ನುವುದು. ಇಷ್ಟು ಸರಳವಾದದ್ದನ್ನು ಸೂತ್ರ ಮಾಡಿ ಹೇಳಬೇಕಾಗಿ ಬಂತು, ಯೋಚನೆ ಮಾಡಿ! ಅವರ ಕಡೆಯ ವರ್ಷಗಳು ಬೆಂಗಳೂರಿನಲ್ಲಿ ಕಳೆದವು. 1962ರಲ್ಲಿ ಗ್ರಂಥಾಲಯ ವಿಜ್ಞಾನ ಕಲಿಸುವ ಡಿಆರ್‌ಟಿಸಿ ಅನ್ನುವ ಸಂಸ್ಥೆ ಕಟ್ಟಿದ್ದೂ ಇಲ್ಲೇ, 1972ರಲ್ಲಿ ತೀರಿಕೊಂಡದ್ದೂ ಇಲ್ಲೇ.

ಅವರಿಗಿಂತ ಮುಂಚೆ ಮೈಸೂರಿನಲ್ಲಿ ಇನ್ನೊಬ್ಬರಿದ್ದರು. 1891ರಲ್ಲಿ ಶುರುವಾದ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ, ಅಂದರೆ ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯುತ್ತಿದ್ದ ಲಿಪಿಯ, ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ಅಂಥ ಕಟ್ಟುಗಳಿಗೆ ಅಲ್ಲಿ ಬರವಿರಲಿಲ್ಲ. ನಂಬರು ಹಾಕಿ ಒಳಗಿಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು. ಲೋಕ ಕಳೆದೇಹೋಯಿತು ಅಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು ಹಾಗೆ, 1905ರಲ್ಲಿ. 1909ಕ್ಕೆ ಅಚ್ಚು ಹಾಕಿಸಿದರು. ಗ್ರಂಥಪಾಲಕನ ನಾಯಕತ್ವಕ್ಕೆ ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. 2019ರಲ್ಲಿ ಪಂಚಾಯಿತಿ ಗ್ರಂಥಾಲಯಗಳು, ಆಗ ಸುಮಾರು 5,600 ಇದ್ದವು, ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಆಗ ನಮ್ಮ ವೃತ್ತಿಯವರಲ್ಲಿ ಬಹಳ ಜನ, ನಾನೂ ಸೇರಿ, ಚರಂಡಿ ರಸ್ತೆ ನೋಡುವವರಿಗೆ ಪುಸ್ತಕ ಯಾಕೆ ಅಂತ ಗೊಣಗಿದೆವು. ತಪ್ಪು ನಮ್ಮದು. 2020ರ ನವೆಂಬರಿನಲ್ಲಿ, ಕೋವಿಡ್ಡಿಗೆ ಶಾಲೆ ಮುಚ್ಚಿದ್ದಾಗ, "ಓದುವ ಬೆಳಕು" ಬಂತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಪೇಪರ್ ಓದುವ ಹಿರಿಯರ ಕಟ್ಟೆಯಂತಿದ್ದ ಕೋಣೆಗಳಿಗೆ ಚಪ್ಪಲಿ ಬಿಟ್ಟು ಮಕ್ಕಳು ನುಗ್ಗಿದರು. ಬೋರ್ಡು "ಅರಿವು ಕೇಂದ್ರ" ಅಂತ ಬದಲಾಯಿತು, ಗೋಡೆಗೆ ಚಿತ್ರ ಬಂತು, ಕಂಪ್ಯೂಟರು ಬಂತು. ಬೋರ್ಡಿನ ಹೆಸರಿನ ಬಗ್ಗೆ ನನಗೆ ಅಂಥ ಉತ್ಸಾಹವಿಲ್ಲ, ಊರಿನ ಬಾಯಲ್ಲಿ ಅದು ಲೈಬ್ರರಿಯೇ. ಚಪ್ಪಲಿಗಳ ಬಗ್ಗೆ ಇದೆ.

ದುಡ್ಡಿನ ವಿಷಯ ಒಂದೇ ಮಾತಲ್ಲಿ ಹೇಳಿಬಿಡುತ್ತೇನೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಇದೆ, ಈಗ ನೂರಕ್ಕೆ ಆರು ರೂಪಾಯಿ. ಕಂದಾಯದ ರಸೀದಿ ಇಟ್ಟುಕೊಂಡವರು ಒಮ್ಮೆ ತೆಗೆದು ನೋಡಿ. ಲೈಬ್ರರಿಗೆ ಬಂದವರು ಯಾರೂ ಪುಕ್ಕಟೆ ಗಿರಾಕಿಗಳಲ್ಲ.

ಇನ್ನು ಆನ್‌ಲೈನ್. ಬೀಗ ಕಬ್ಬಿಣದ್ದೇ ಇರಬೇಕು ಅಂತೇನಿಲ್ಲ. ಒಂದು ಜೇನು ಸಾಕಣೆ ಪುಸ್ತಕ ಇದೆ ಅನ್ನಿ. ಕ್ಯಾಟಲಾಗಿನಲ್ಲಿ ಅದರ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿರುತ್ತಾರೆ. "ಸಾಕಣೆ"ಗೆ ಒಬ್ಬರು ಒಂದು ಎ ಹಾಕಿದರೆ ಇನ್ನೊಬ್ಬರು ಎರಡು. ಜೇನಿಗೆ ಒಬ್ಬರು ಇ, ಒಬ್ಬರು ಎರಡು ಇ. ಹುಡುಗ ಮೂರು ಸಲ ಟೈಪ್ ಮಾಡಿ, ಇಲ್ಲ ಅಂತ ಮನೆಗೆ ಹೋಗುತ್ತಾನೆ. ಪುಸ್ತಕ ಅವನ ಬೆನ್ನ ಹಿಂದೆಯೇ ಇರುತ್ತದೆ. ಕನ್ನಡ ಪುಸ್ತಕದ ಹೆಸರನ್ನು ಕನ್ನಡ ಲಿಪಿಯಲ್ಲಿ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿ ಬರೆದರೆ ಈ ತೊಂದರೆಯೇ ಇಲ್ಲ.

ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ "ನುಡಿ" ತಂತ್ರಾಂಶದ ಹಳೆಯ ಫಾಂಟಿನ ಕಡತಗಳದು ಇನ್ನೊಂದು ಕತೆ. ತೆರೆಯ ಮೇಲೆ ಚೆಂದದ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷಿನ ಸಂಕೇತಗಳು. "ಕನ್ನಡ" ಅನ್ನುವ ಪದವನ್ನು ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಒಂದು ಪಿ, ತಲೆಯ ಮೇಲೆ ಗೆರೆ ಎಳೆದ ಎ, ನಡುವೆ ಬ್ರಿಟಿಷ್ ಪೌಂಡಿನ ಗುರುತು ಬರುತ್ತದೆ. ಹುಡುಕುವ ಯಂತ್ರಕ್ಕೆ ಅದರಲ್ಲಿ ಕನ್ನಡವೇ ಇಲ್ಲ. ಪರಿವರ್ತಕ ತಂತ್ರಾಂಶಗಳಿವೆ, ಮಾಡಿಸಬಹುದು. ಬರೀ ಫೋಟೋ ತೆಗೆದಂತೆ ಸ್ಕ್ಯಾನ್ ಮಾಡಿದ ಪುಟಗಳೂ ಅಷ್ಟೇ, ಅಕ್ಷರ ಗುರುತಿಸುವ ಕೆಲಸ ಆಗದಿದ್ದರೆ ಅವು ಗಾಜಿನ ಬೀರುಗಳೇ.

ಆನ್‌ಲೈನಿಗೆ ಏನು ಹಾಕಿದರೂ ಕಾಪಿರೈಟ್ ಅಡ್ಡ ಬರುತ್ತದೆ ಅಂತ ಹೆದರಿಸುವವರಿದ್ದಾರೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ, ಆಮೇಲೆ ಕೃತಿ ಎಲ್ಲರದು. ಪಂಜೆ ಮಂಗೇಶರಾಯರು ಹೋದದ್ದು 1937ರಲ್ಲಿ. ಅವರು ಬರೆದದ್ದನ್ನು ನಿಮ್ಮ ಮಕ್ಕಳ ಕೈಯಲ್ಲೇ ಟೈಪ್ ಮಾಡಿಸಿ, ಯಾರ ಅಪ್ಪಣೆಯೂ ಬೇಡ.

ಲೈಬ್ರರಿ ನಡೆಸುವ ತಂತ್ರಾಂಶ ದುಬಾರಿ ಅನ್ನುವವರಿಗೆ ಒಂದು ಮಾತು. ನ್ಯೂಜಿಲೆಂಡಿನ ಹೊರೊಫೆನುವ ಅನ್ನುವ ಸಣ್ಣ ಜಿಲ್ಲೆಯ ಲೈಬ್ರರಿಯವರಿಗೆ, 2000ನೇ ಇಸವಿ ಬಂದರೆ ತಮ್ಮ ಹಳೆಯ ತಂತ್ರಾಂಶ ಕೈಕೊಡುತ್ತದೆ ಅಂತ ಗಾಬರಿಯಾಯಿತು. ತಮಗೆ ಬೇಕಾದದ್ದನ್ನು ತಾವೇ ಮಾಡಿಸಿಕೊಂಡರು, ಮುಗಿದ ಮೇಲೆ ಲೋಕಕ್ಕೆ ಬಿಟ್ಟುಕೊಟ್ಟರು. ಅದೇ ಕೋಹಾ. ಮಾವೊರಿ ಭಾಷೆಯಲ್ಲಿ ಉಡುಗೊರೆ ಅಂತ ಅರ್ಥ. ಕನ್ನಡವನ್ನು ಅದು ಚೆನ್ನಾಗಿಯೇ ಅರಗಿಸಿಕೊಳ್ಳುತ್ತದೆ, ನಾವು ಕನ್ನಡದಲ್ಲಿ ತುಂಬಿದರೆ.

ನನ್ನ ಬೀರುಗಳ ಕತೆ ಅರ್ಧಕ್ಕೆ ಬಿಟ್ಟಿದ್ದೆ. ಒಂಬತ್ತನೇ ವರ್ಷ ಒಂದು ಮಳೆಗಾಲದಲ್ಲಿ ಏಳನೇ ಬೀರುವಿನ ಬೀಗ ತುಕ್ಕು ಹಿಡಿದು ಜಾಮ್ ಆಯಿತು. ಒಡೆಸಿದೆ. ಹೊಸ ಬೀಗದ ಬಿಲ್ಲು ಪಾಸಾಗಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟೂ ದಿನ ಅದೊಂದು ಬೀರು ಬಾಯಿ ತೆರೆದುಕೊಂಡೇ ಇತ್ತು. ಲೆಕ್ಕ ಹಾಕಿದಾಗ, ಎರವಲು ಹೋದ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಆ ಒಂದು ಬೀರುವಿನವು. ಎರಡು ಕಳೆದಿದ್ದವು. ಹೊಸ ಬೀಗ ಬಂದಾಗ ಅದನ್ನು ಸೈಕಲ್ ಸ್ಟ್ಯಾಂಡಿನ ಗೇಟಿಗೆ ಹಾಕಿಸಿದೆ.

ಚಹಾ ಬಂದಿದೆ ಅಂತ ಸನ್ನೆ ಮಾಡುತ್ತಿದ್ದಾರೆ. ಕುಡಿದು ಬನ್ನಿ, ಪರದೆ ಹಾಕಿಸಿರುತ್ತೇನೆ. ನಿಮ್ಮ ನಿಮ್ಮ ಊರಲ್ಲಿ ಯಾರಾದರೂ ಕೇಳಿ, ನೀವು ಇಲ್ಲ ಅಂದ ಒಂದು ಪುಸ್ತಕದ ಹೆಸರು ನೆನಪು ಮಾಡಿಕೊಂಡು ಬನ್ನಿ. ಕನ್ನಡದಲ್ಲಿ ಟೈಪ್ ಮಾಡಿ ಹುಡುಕೋಣ.